ಮತ್ತ ಮೊದಲಿಂದ ಶುರು ಮಾಡಾಕ ಅಂಜಿಕಿ ಆಗಲಿಲ್ಲೇನ್ರಿ?

ನಾಲ್ಕು ವರ್ಷದಿಂದ ಈ ಪ್ರಶ್ನೆ ಕೇಳಿಸಿಕೊಳ್ಳುತ್ತಿದ್ದೇನೆ. ರೊಟ್ಟಿ ಒಯ್ಯಲು ಬಂದವರು ಕೇಳುತ್ತಾರೆ, ಲಗ್ನದ ಊಟದಲ್ಲಿ ಪಕ್ಕದ ಪಂಕ್ತಿಯವರು ಕೇಳುತ್ತಾರೆ, ಬೆಂಗಳೂರಿನಲ್ಲಿ ಕೆಲಸ ಹೋಗಿ ಊರಿಗೆ ಬಂದ ಹುಡುಗರು ಫೋನು ಮಾಡಿ ಕೇಳುತ್ತಾರೆ. "ಇಪ್ಪತ್ತೊಂದು ವರ್ಷ ಮುನೀಮಕಿ ಮಾಡಿದವರು ನೀವು. ನಲವತ್ತನಾಲ್ಕರಾಗ ರೊಟ್ಟಿ ಬಡೀಲಾಕ ಕುಂತ್ರಿ. ಅಂಜಿಕಿ ಆಗಲಿಲ್ಲೇನ್ರಿ?"

ಆಯಿತು. ಈಗಲೂ ಆಗುತ್ತದೆ. ಇಷ್ಟು ಹೇಳಿ ಸುಮ್ಮನಾದರೆ ಕೇಳಿದವರಿಗೆ ಸಮಾಧಾನ ಇಲ್ಲ. ಅಂಜಿಕೆ ಹೋಗಲಾಡಿಸುವ ಯಾವುದೋ ಗುಳಿಗೆ ನನ್ನ ಹತ್ತಿರ ಇದೆ, ಕೊಡಲು ಒಲ್ಲೆ ಎನ್ನುತ್ತಿದ್ದೇನೆ ಅನ್ನುವ ಹಾಗೆ ಮುಖ ನೋಡುತ್ತಾರೆ. ಅದಕ್ಕೇ ಒಮ್ಮೆ ಕೂತು ಪೂರಾ ಬರೆಯುತ್ತಿದ್ದೇನೆ.

ಕಲಬುರಗಿಯ ಕಪನೂರ ಕಡೆ ಒಂದು ಬೇಳೆ ಮಿಲ್ಲಿನಲ್ಲಿ ನಾನು ಲೆಕ್ಕ ಬರೆಯುತ್ತಿದ್ದೆ. ಗಂಜಿನಿಂದ, ಅಂದರೆ ಧಾನ್ಯದ ಮಾರುಕಟ್ಟೆಯಿಂದ, ಎಷ್ಟು ಕ್ವಿಂಟಲ್ ತೊಗರಿ ಬಂತು, ಅದರಲ್ಲಿ ಎಷ್ಟು ಬೇಳೆ, ಎಷ್ಟು ನುಚ್ಚು, ಎಷ್ಟು ಹೊಟ್ಟು, ಹಮಾಲಿ ಎಷ್ಟು, ಅಡತಿಯವರ ಬಾಕಿ ಎಷ್ಟು. ತೊಗರಿ ಒಂದೇ ಸಲಕ್ಕೆ ಬೇಳೆ ಆಗುವುದಿಲ್ಲ. ರೋಲಿಗೆ ಬಿಟ್ಟು ಸಿಪ್ಪೆಗೆ ಗೀರು ಹಾಕಬೇಕು, ಎಣ್ಣೆ ಸವರಬೇಕು, ನೀರು ಚಿಮುಕಿಸಬೇಕು, ಬಿಸಿಲಿಗೆ ಹರವಬೇಕು, ಮತ್ತೆ ರೋಲಿಗೆ ಬಿಡಬೇಕು. ಇಷ್ಟೆಲ್ಲ ಆದ ಮೇಲೆ ಕ್ವಿಂಟಲಿಗೆ ಎಪ್ಪತ್ತು ಕಿಲೋ ಮೇಲೆ ಬಂದರೆ ಸಾವಕಾರರ ಮುಖದಲ್ಲಿ ಕಳೆ. ಆ ಎಪ್ಪತ್ತರ ಮೇಲಿನ ಎರಡು-ಮೂರು ಕಿಲೋದ ಲೆಕ್ಕ ಹಿಡಿಯುವುದೇ ನನ್ನ ಜಾಣತನ ಆಗಿತ್ತು. 2019ರಲ್ಲಿ ನಮ್ಮ ಬೇಳೆಗೆ, ಇದು ಈ ಸೀಮೆಯದೇ ಅಂತ ಗುರುತಿಸುವ ಜಿಐ ಟ್ಯಾಗ್ ಸಿಕ್ಕಿತು. ಊರು 2014ರಲ್ಲೇ ಕಲಬುರಗಿ ಆಗಿದ್ದರೂ ಬೇಳೆಗೆ ಮಾತ್ರ 'ಗುಲಬರ್ಗಾ ತೊಗರಿ ಬೇಳೆ' ಅಂತಲೇ ಹೆಸರು ಉಳಿಯಿತು. ನನ್ನದೂ ಹಾಗೇ ಆಗಿದೆ. ಮಿಲ್ಲು ಮುಚ್ಚಿ ಇಷ್ಟು ದಿನ ಆದರೂ ಓಣಿಯಲ್ಲಿ ನಾನು ಇನ್ನೂ "ಮುನೀಮ್ರು".

2021ರಲ್ಲಿ ಮಿಲ್ಲು ನಿಂತಿತು. ಸಾವಕಾರರಿಗೆ ವಯಸ್ಸಾಗಿತ್ತು, ಮಕ್ಕಳಿಗೆ ಈ ಧಂದೆ ಬೇಡವಾಗಿತ್ತು. ಯಾರದೂ ತಪ್ಪಿಲ್ಲ. ಕೊನೆಯ ದಿನ ನನ್ನ ಕಿರ್ದಿ ಪುಸ್ತಕಗಳನ್ನು ಒಂದು ತೊಗರಿ ಚೀಲಕ್ಕೆ ತುಂಬಿ ಕೊಟ್ಟು ಬಂದೆ. ಆಮೇಲೆ ಗಂಜಿನಲ್ಲಿ ಕೆಲಸ ಕೇಳಿದೆ. ಎಲ್ಲ ಕಡೆ ಕಂಪ್ಯೂಟರ್ ಬಲ್ಲ ಇಪ್ಪತ್ತೈದರ ಹುಡುಗರು ಕೂತಿದ್ದರು. "ನೀವು ದೊಡ್ಡವರು, ನಿಮಗ ಹ್ಯಾಂಗ ಇಷ್ಟು ಸಣ್ಣ ಪಗಾರ ಕೊಡೋದ್ರಿ" ಅಂತ ಮರ್ಯಾದೆಯಿಂದಲೇ ಕಳಿಸಿದರು.

ಆರು ತಿಂಗಳು ಮನೆಯಲ್ಲಿ ಕೂತೆ. ಸಂಜೆ ಊರಿನ 'ಅಪ್ಪನ ಕೆರೆ' ಅನ್ನುವ ಕೆರೆಯ ದಂಡೆಗೆ ಹೋಗಿ ಎರಡು ತಾಸು ಕಳೆದು ಬರುತ್ತಿದ್ದೆ, ಓಣಿಯವರು ಕೆಲಸಕ್ಕೆ ಹೋಗಿ ಬಂದ ಅಂದುಕೊಳ್ಳಲಿ ಅಂತ. ಕೈಚೀಲದಲ್ಲಿ ಖಾಲಿ ಊಟದ ಡಬ್ಬಿ ಇಟ್ಟುಕೊಳ್ಳುತ್ತಿದ್ದೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಈಗ ಯೋಚಿಸಿದರೆ ನನ್ನ ಅಂಜಿಕೆ ಏನು ಅನ್ನುವುದು ಆ ಖಾಲಿ ಡಬ್ಬಿಯಲ್ಲೇ ಇತ್ತು. ಹೊಸ ಕೆಲಸ ಕೈಗೆ ಹತ್ತುತ್ತದೋ ಇಲ್ಲವೋ ಅನ್ನುವುದು ನನ್ನನ್ನು ಅಷ್ಟು ಕಾಡಲಿಲ್ಲ. ಬಲ್ಲವನು ಅಂತ ನಾಲ್ಕು ಮಂದಿ ಒಪ್ಪಿದ ಮನುಷ್ಯ, ಅದೇ ನಾಲ್ಕು ಮಂದಿಯ ಕಣ್ಣೆದುರು ಏನೂ ಬಾರದವನಾಗಿ ಕೂರಬೇಕಲ್ಲ, ಅದೇ ಕಾಡಿದ್ದು. ಮುಂಬೈಗೋ ಪುಣೆಗೋ ಹೋಗಿದ್ದರೆ ನಾನು ಮರುದಿನವೇ ಚಹಾದ ಗಾಡಿ ಹಚ್ಚುತ್ತಿದ್ದೆ. ನಮ್ಮ ಕಡೆಯ ಎಷ್ಟು ಮಂದಿ ಅಲ್ಲಿ ಎಂಥೆಂಥ ಕೆಲಸ ಮಾಡುತ್ತಾರೆ, ಹಬ್ಬಕ್ಕೆ ಬಂದಾಗ ಇಸ್ತ್ರಿ ಅಂಗಿ ಹಾಕಿಕೊಂಡು ತಿರುಗುತ್ತಾರೆ. ಪರ ಊರಿನಲ್ಲಿ ಯಾರಿಗೂ ಯಾರ ಗುರುತೂ ಇಲ್ಲ.

ಅಪ್ಪ ಒಮ್ಮೆ ಇದನ್ನೇ ಬೇರೆ ಥರ ಹೇಳಿದ್ದ. ನಾನು ಸಣ್ಣವನಿದ್ದಾಗ ಒಂದು ವರ್ಷ ಮಳೆ ಹೆಚ್ಚಾಗಿ ನಮ್ಮ ಹೊಲದಲ್ಲಿ ನೀರು ನಿಂತಿತು. ಕಪ್ಪು ಎರೆಮಣ್ಣು, ಒಮ್ಮೆ ನೀರು ಹಿಡಿದರೆ ಬಿಡುವುದಿಲ್ಲ. ತೊಗರಿಗೆ ಬೇರಿನಲ್ಲಿ ನೀರು ನಿಲ್ಲಬಾರದು. ಗಿಡ ಹಳದಿ ತಿರುಗಿ ಜೋಲು ಬಿದ್ದವು. ದಿಬ್ಬದ ಮೇಲಿದ್ದ ಬಾಜೂ ಹೊಲದವರ ತೊಗರಿಗೆ ಏನೂ ಆಗಿರಲಿಲ್ಲ. ಅಪ್ಪ ಎಂಟು ದಿನ ಬದುವಿನ ಮೇಲೆ ಅಡ್ಡಾಡಿದ, ಆಮೇಲೆ ಎತ್ತು ಹೂಡಿ ನಿಂತ ಬೆಳೆಯನ್ನೆಲ್ಲ ಹರಗಿ, ಹಿಂಗಾರಿಗೆ ಕಡಲೆ ಬಿತ್ತಿದ. ಎಂಟು ದಿನ ಯಾಕೆ ಬೇಕಾಯಿತು ಅಂತ ಎಷ್ಟೋ ವರ್ಷದ ಮೇಲೆ ಕೇಳಿದ್ದೆ. "ಎಲ್ಲಾರ ಹೊಲ ಹೋದ್ರ ಹರಗೋದು ಏನ್ ತ್ರಾಸಿಲ್ಲೋ ತಮ್ಮಾ. ಬಾಜೂದವಂದು ಹಸರ ನಿಂತಿರ್ತದ, ನಂದಷ್ಟೇ ಹರಗಬೇಕಲ್ಲ, ಅದು ತ್ರಾಸು" ಅಂದ. ಕಡಲೆ ಆ ವರ್ಷ ಹೇಗೆ ಬಂತು ಅಂತ ನನಗೆ ನೆನಪಿಲ್ಲ. ಚೆನ್ನಾಗಿ ಬಂತು ಅಂತ ಬರೆದರೆ ಕಥೆ ಚೆಂದ ಆಗುತ್ತಿತ್ತು.

ಇನ್ನು ರೊಟ್ಟಿಯ ವಿಷಯ. ಇದು ನಾನು ಧೈರ್ಯ ಮಾಡಿ ಶುರು ಮಾಡಿದ್ದು ಅಂತ ಮಂದಿ ತಿಳಿದಿದ್ದಾರೆ. ನಮ್ಮ ಮನೆಯವರು, ಅಂದರೆ ನನ್ನ ಹೆಂಡತಿ, ಆಗಲೇ ಒಂದು ಖಾನಾವಳಿಗೆ ದಿನಾ ನೂರು ರೊಟ್ಟಿ ಮಾಡಿ ಕೊಡುತ್ತಿದ್ದರು. ಆರು ತಿಂಗಳು ಮನೆ ನಡೆದದ್ದು ಅದರಿಂದಲೇ. ಒಂದು ದಿನ ಅವರ ಮಣಿಕಟ್ಟು ಬಾತುಕೊಂಡಿತು. ಆರ್ಡರ್ ನೂರರದ್ದು, ಆಗಿದ್ದು ಮೂವತ್ತು. ಖಾನಾವಳಿಯ ಹುಡುಗ ಹನ್ನೊಂದಕ್ಕೆ ಬರುವವನು. ಕಿಟಕಿ ಮುಚ್ಚಿದೆ, ಬಾಗಿಲು ಹಾಕಿದೆ, ಕೂತೆ. ನನ್ನ ಹೊಸ ಬದುಕು ಶುರುವಾದದ್ದು ಹೀಗೆ.

ಗೋಧಿ ಹಿಟ್ಟಿನ ಹಾಗೆ ಜೋಳದ ಹಿಟ್ಟಿಗೆ ಎಳೆದರೆ ಬರುವ ಗುಣ ಇಲ್ಲ. ಅದಕ್ಕೇ ಕುದಿಯುವ ನೀರು ಹಾಕುವುದು. ಬಿಸಿಗೆ ಹಿಟ್ಟು ಅರ್ಧ ಬೆಂದ ಹಾಗಾಗಿ ಜಿಗಿ ಬಿಡುತ್ತದೆ, ಆ ಜಿಗಿಯೇ ರೊಟ್ಟಿಯನ್ನು ಹಿಡಿಯುವುದು. ಬೀಸಿ ಬಹಳ ದಿನ ಆದ ಹಿಟ್ಟಾದರೆ ಎಷ್ಟು ಬಿಸಿನೀರು ಸುರಿದರೂ ಜಿಗಿ ಬರುವುದಿಲ್ಲ. ಇದನ್ನೆಲ್ಲ ಆಮೇಲೆ ತಿಳಿದೆ. ಆ ದಿನ ನನಗೆ ಗೊತ್ತಿದ್ದದ್ದು ತಿನ್ನುವುದಷ್ಟೇ. ಶಹಾಬಾದಿ ಫರಸಿ ಕಲ್ಲಿನ ತುಂಡಿನ ಮೇಲೆ ಒಣಹಿಟ್ಟು ಉದುರಿಸಿ, ಉಂಡೆ ಇಟ್ಟು ಬಡಿದೆ. ಮೂರನೆಯ ಏಟಿಗೆ ಅಂಚು ಬೇಸಿಗೆಯ ಕೆರೆಯ ಹಾಗೆ ಬಿರಿಯಿತು. ಮನೆಯವರು ಕೈಗೆ ಅರಿವೆ ಸುತ್ತಿಕೊಂಡು ಪಕ್ಕದಲ್ಲಿ ಕೂತಿದ್ದರು. "ಬೆರಳಲ್ರಿ, ಅಂಗೈ. ಒತ್ತಬ್ಯಾಡ್ರಿ, ರೊಟ್ಟಿನೇ ತಿರುಗಬೇಕು." ರೊಟ್ಟಿ ತಿರುಗಲಿಲ್ಲ. ತಿರುಗಿದ್ದು ಎತ್ತಿ ಹಂಚಿಗೆ ಹಾಕುವಾಗ ಎರಡು ತುಂಡಾಯಿತು. ಹಂಚಿನಲ್ಲಿ ಬಿದ್ದದ್ದರ ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರಲು ಹೋಗಿ ಬೆರಳು ಸುಟ್ಟುಕೊಂಡೆ. ಎಪ್ಪತ್ತು ರೊಟ್ಟಿ ಮಾಡಬೇಕಿತ್ತು. ಖಾನಾವಳಿಗೆ ಕೊಡಬಹುದಾದವು ಹನ್ನೊಂದು ಆದವು. ಉಳಿದದ್ದನ್ನು ಮುರಿದು ಒಗ್ಗರಣೆ ಹಾಕಿ ಎರಡು ದಿನ ತಿಂದೆವು.

ನಿಮ್ಮ ಹಳೆಯ ಅನುಭವ ಎಲ್ಲ ಹೊಸ ಕೆಲಸಕ್ಕೆ ಬರುತ್ತದೆ ಅಂತ ಭಾಷಣ ಮಾಡುವವರು ಹೇಳುತ್ತಾರೆ. ಆ ದಿನ ನನ್ನ ಇಪ್ಪತ್ತೊಂದು ವರ್ಷ ಒಂದು ರೊಟ್ಟಿಯನ್ನೂ ದುಂಡಗೆ ಮಾಡಲಿಲ್ಲ. ಬಹಳ ದಿನದ ಮೇಲೆ, ಗಂಜಿಗೆ ಜೋಳ ಕೊಳ್ಳಲು ಹೋದಾಗ, ಚೀಲದಿಂದ ನಾಲ್ಕು ಕಾಳು ತೆಗೆದು ಹಲ್ಲಿಗೆ ಕಡಿದು ಹಸಿ ಎಷ್ಟಿದೆ ಅಂತ ಹೇಳುವ ವಿದ್ಯೆ ಉಪಯೋಗಕ್ಕೆ ಬಂತು. ಅಲ್ಲಿಯವರೆಗೆ ನಾನು ಒಂದನೇ ಇಯತ್ತೆಯ ಹುಡುಗನೇ.

ಮೂರು ತಿಂಗಳು ಬಾಗಿಲು ಮುಚ್ಚಿಯೇ ಬಡಿದೆ. ಎದುರು ಮನೆಯ ಕಾಕಾ ಒಬ್ಬರಿದ್ದರು, ನಿವೃತ್ತ ಮಾಸ್ತರರು. ನಾನು ಅಂಜುತ್ತಿದ್ದ ನಾಲ್ಕು ಮಂದಿಯನ್ನು ಲೆಕ್ಕ ಹಾಕಿದರೆ ಖರೆ ಅಂದರೆ ಅದು ಅವರೊಬ್ಬರೇ. ನನ್ನ ಅಕ್ಷರ ಮುತ್ತಿನಂಥದ್ದು ಅಂತ ಓಣಿ ತುಂಬ ಹೇಳಿದವರು ಅವರು. ಮೇ ತಿಂಗಳು ಬಂತು. ಕಲಬುರಗಿಯ ಮೇ ಗೊತ್ತಿದ್ದವರಿಗೆ ಹೇಳಬೇಕಿಲ್ಲ, ಹೊರಗೆ 42 ಡಿಗ್ರಿ, ಒಳಗೆ ಹಂಚು. ಕರೆಂಟೂ ಹೋಯಿತು. ಬಾಗಿಲು ತೆಗೆಯದಿದ್ದರೆ ತಲೆ ತಿರುಗಿ ಬೀಳುತ್ತಿದ್ದೆ. ತೆಗೆದೆ. ಕಾಕಾ ತಮ್ಮ ಕಟ್ಟೆಯ ಮೇಲೆ ಬೀಸಣಿಗೆ ಹಿಡಿದು ಕೂತಿದ್ದರು. ಬನಿಯನ್ನಿನಲ್ಲಿ, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡ ನನ್ನನ್ನು ಪೂರಾ ನೋಡಿದರು.

"ನಿಮ್ಮಲ್ಲೂ ಕರೆಂಟ್ ಹೋಗ್ಯಾದೇನು?" ಅಂದರು.

"ಹೌದ್ರಿ ಕಾಕಾ."

ಅಷ್ಟೇ. ಒಂಬತ್ತು ತಿಂಗಳು ನಾನು ಹೊತ್ತುಕೊಂಡು ತಿರುಗಿದ್ದು ಇದನ್ನು.

ಹಾಗಂತ ಯಾರೂ ಏನೂ ಅನ್ನುವುದಿಲ್ಲ ಅಂತ ನಾನು ಹೇಳಲಾರೆ. ಅಂದವರೂ ಇದ್ದರು. ಮುಂದಿನ ವರ್ಷ ಬಳಗದ ಲಗ್ನವೊಂದರಲ್ಲಿ, ಹತ್ತಾರು ಮಂದಿಯ ನಡುವೆ, ಬೀಗರ ಕಡೆಯವರೊಬ್ಬರು "ಮುನೀಮ್ರಿಗೆ ಒಂದು ಡಜನ್ ಬಳಿ ತರಸ್ರೋ" ಅಂದು ನಕ್ಕರು. ಕೂತವರೂ ನಕ್ಕರು. ಅದೇ ಪಂಕ್ತಿಯಲ್ಲಿ ಕಾಯಕದ ಬಗ್ಗೆ ವರ್ಷಕ್ಕೊಮ್ಮೆ ಬಸವ ಜಯಂತಿಗೆ ಭಾಷಣ ಮಾಡುವವರೂ ಇದ್ದರು. ಬಸವಕಲ್ಯಾಣ ನಮ್ಮ ಬಾಜೂ ಜಿಲ್ಲೆ, ಬಸವಣ್ಣ ಅಲ್ಲಿ ಕಾಯಕದ ಮಾತು ಹೇಳಿ ಎಂಟುನೂರು ವರ್ಷದ ಮೇಲಾಯಿತು. ಗಂಡಸು ರೊಟ್ಟಿ ಬಡಿದರೆ ನಗು ಇನ್ನೂ ಬರುತ್ತದೆ. ನನಗೆ ಕಿವಿ ಬಿಸಿಯಾದವು. ಎಲೆಯ ಮೇಲಿನ ರೊಟ್ಟಿ ಎತ್ತಿಕೊಂಡೆ. ಅಂಚು ದಪ್ಪ ಇತ್ತು, ನಡುವೆ ಹಸಿ. ಇದಕ್ಕಿಂತ ನಮ್ಮದು ಚೆಂದ ಅಂತ ಮನಸ್ಸು ತಾನೇ ಅಂದಿತು. ನಗು ಮುಗಿಯುವುದರೊಳಗೆ ಆ ಲಗ್ನಕ್ಕೆ ಎಷ್ಟು ರೊಟ್ಟಿ ತರಿಸಿರಬಹುದು ಅಂತ ಲೆಕ್ಕ ಹಾಕುತ್ತಿದ್ದೆ.

ಲೆಕ್ಕ ಅಂದಾಗ ಒಂದು ಮಾತು. ಅಂಜಿಕೆಯಲ್ಲಿ ಎರಡು ಜಾತಿ. ಮಂದಿಯದು ಒಂದು, ರೊಕ್ಕದ್ದು ಇನ್ನೊಂದು. ಮೊದಲನೆಯದಕ್ಕೆ ಬಾಗಿಲು ತೆಗೆಯುವುದು ಬಿಟ್ಟು ನನಗೆ ಬೇರೆ ಉಪಾಯ ಗೊತ್ತಿಲ್ಲ. ಎರಡನೆಯದಕ್ಕೆ ಕಾಗದ-ಪೆನ್ನು ಸಾಕು. ಮನೆಗೆ ಆಗ ತಿಂಗಳಿಗೆ ₹14,000 ಬೇಕಿತ್ತು, ಕೈಯಲ್ಲಿ ಇದ್ದದ್ದು ₹1,12,000. ಒಂದು ಪೈಸೆ ಬಾರದಿದ್ದರೂ ಎಂಟು ತಿಂಗಳು. ಇದನ್ನು ಬರೆದ ರಾತ್ರಿ ನನಗೆ ನಿದ್ದೆ ಬಂತು. ಬರೆಯುವ ಮೊದಲು ಅದೇ ರೊಕ್ಕ ನಾಳೆಯೇ ಮುಗಿಯುತ್ತದೆ ಅನ್ನಿಸುತ್ತಿತ್ತು. ಮೊದಲ ವರ್ಷ ಸಾಲ ಮುಟ್ಟಲಿಲ್ಲ. ಆಹಾರದ ನೋಂದಣಿ ಮಾಡಿಸಿದೆ, ಸಣ್ಣ ವ್ಯಾಪಾರಕ್ಕೆ ಆಗ ವರ್ಷಕ್ಕೆ ನೂರು ರೂಪಾಯಿ. ದಿನಕ್ಕೆ ನಾಲ್ಕುನೂರು ರೊಟ್ಟಿಯ ಆರ್ಡರ್ ಕಾಯಂ ಆದ ಮೇಲೆಯೇ, ಸಣ್ಣ ಆಹಾರ ಉದ್ಯಮಕ್ಕೆ ನೆರವು ಕೊಡುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಯಂತ್ರಕ್ಕೆ ಅರ್ಜಿ ಹಾಕಿದೆ. ಅದರಲ್ಲಿ ಆಗ ಶೇ 35 ಸಬ್ಸಿಡಿ ಇತ್ತು, ನಮ್ಮ ರಾಜ್ಯ ಮೇಲೆ ಶೇ 15 ಸೇರಿಸುತ್ತಿತ್ತು. ಸಬ್ಸಿಡಿ ಇದೆ ಅಂತಲೇ ಮೊದಲ ದಿನ ಸಾಲ ಎತ್ತುವವರನ್ನು ನೋಡಿದರೆ ನನಗೆ ಹೊಟ್ಟೆಯಲ್ಲಿ ಕಲಸುತ್ತದೆ. 2023 ಸಿರಿಧಾನ್ಯ ವರ್ಷ ಆದದ್ದು, ಜಿಲ್ಲಾಡಳಿತ ಹೆಣ್ಣುಮಕ್ಕಳ ಸಂಘಗಳ ರೊಟ್ಟಿಗೆ 'ಕಲಬುರಗಿ ರೊಟ್ಟಿ' ಅಂತ ಹೆಸರು ಕಟ್ಟಿದ್ದು, ಇದೆಲ್ಲ ನಮ್ಮ ಕಾಲಕ್ಕೆ ಕೂಡಿ ಬಂತು. ಅದು ನನ್ನ ಜಾಣತನ ಅಲ್ಲ.

ಎಲ್ಲರಿಗೂ ಶುರು ಮಾಡಿ ಅಂತಲೂ ನಾನು ಹೇಳುವುದಿಲ್ಲ. ಸೋದರತ್ತೆಯ ಮಗ ಒಬ್ಬ, ಬ್ಯಾಂಕಿನ ನೌಕರಿ ಬಿಟ್ಟು ಖಾನಾವಳಿ ಹಾಕುತ್ತೇನೆ ಅಂತ ಬಂದಿದ್ದ. ಅಡುಗೆ ಬರುತ್ತದೇನು ಅಂದೆ, ಇಲ್ಲ. ಊಟಕ್ಕೆ ಬಡಿಸಿದ್ದೀಯೇನು ಅಂದೆ, ಇಲ್ಲ. ಮ್ಯಾನೇಜರ್ ಬೈಯುತ್ತಾನೆ, ಅದಕ್ಕೆ. "ಬ್ರ್ಯಾಂಚ್ ಬದಲಿ ಮಾಡಿಸ್ಕೋ" ಅಂತ ಹೇಳಿ ಕಳಿಸಿದೆ. ಅವನಿಗೆ ಸಿಟ್ಟು ಬಂತು. ಈಗ ಬೀದರಿನಲ್ಲಿ ಆರಾಮ ಇದ್ದಾನೆ.

ಗಂಡನ ಮನೆ ಬಿಟ್ಟು ಬಂದ ಒಬ್ಬ ತಂಗಿಯೂ ಕೇಳಿದ್ದಳು. ಅವಳಿಗೆ ರೊಟ್ಟಿಯ ಕಥೆ ಹೇಳಲು ನಾಚಿಕೆಯಾಯಿತು, ಅವಳ ಭಾರದ ಮುಂದೆ ನನ್ನದು ಏನೂ ಅಲ್ಲ. ಯಾರ ಕಣ್ಣಿಗೆ ಬೀಳಲು ಅಂಜಿಕೆ ಅಂತ ಮಾತ್ರ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು "ನಮ್ಮ ಅವ್ವಂದು" ಅಂದಳು. ಈಗ ಅವ್ವ-ಮಗಳು ಕೂಡಿಯೇ ಹೊಲಿಗೆ ಅಂಗಡಿ ನಡೆಸುತ್ತಾರೆ. ನಡುವೆ ಏನಾಯಿತು ಅಂತ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈಗಲೂ ಅಂಜಿಕೆ ಆಗುತ್ತದೆ ಅಂತ ಮೊದಲೇ ಬರೆದೆನಲ್ಲ, ಅದು ಮಾತಿಗೆ ಬರೆದದ್ದಲ್ಲ. ಹೋದ ವಾರ ನಮ್ಮ ಹಳೆಯ ಸಾವಕಾರರ ಮಗ ಕಾರಿನಲ್ಲಿ ಬಂದ. ಮನೆಯಲ್ಲಿ ಕಾರ್ಯ, ಎರಡು ಸಾವಿರ ಖಡಕ್ ರೊಟ್ಟಿ ಬೇಕಂತೆ. ಯಂತ್ರ ಕೆಟ್ಟು ಕೂತಿತ್ತು, ನಾನು ಕೈಯಲ್ಲೇ ಬಡಿಯುತ್ತಿದ್ದೆ. ಕಾರಿನ ಸಪ್ಪಳ ಕೇಳಿದ್ದೇ ಎದ್ದು ಬಚ್ಚಲಿಗೆ ಓಡಿದೆ. ನಲ್ಲಿ ತಿರುವಿ ಮೊಣಕೈಯ ಹಿಟ್ಟು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದೆ. ಹೊರಗೆ ಮನೆಯವರು ಅವನಿಗೆ ನೀರು ಕೊಟ್ಟು, ರೇಟು ಹೇಳಿ, ಒಳಗೆ ಇಣುಕಿ ನೋಡಿದರು.

"ಯಾಕ್ರಿ ಕೈ ತೊಳೀಲತ್ತೀರಿ? ಇನ್ನ ಅರ್ಧ ಪರಾತ ಹಿಟ್ಟದ."