ಊದುಬತ್ತಿಯ ಪೆಟ್ಟಿಗೆ ಯಾವ ಗೋದಾಮಿಗೆ?

ಮೈಸೂರಿನ ನಮ್ಮ ಸಣ್ಣ ಘಟಕದಿಂದ ಊದುಬತ್ತಿ, ಧೂಪ ಮತ್ತು ಹತ್ತಿಯ ಬತ್ತಿಗಳು ಅಮೆಜಾನ್‌ನ ಗೋದಾಮುಗಳಿಗೆ ಹೋಗುತ್ತವೆ, ಆರ್ಡರ್ ಬಂದಾಗ ಅಲ್ಲಿಂದಲೇ ಗ್ರಾಹಕರಿಗೆ ಹೊರಡುತ್ತವೆ. ಈ ವ್ಯಾಪಾರಕ್ಕೆ ಹೊಸದಾಗಿ ಇಳಿಯುವವರು ನನ್ನನ್ನು ಮೊದಲು ಕೇಳುವುದು ಪೆಟ್ಟಿಗೆ ಕಟ್ಟುವ ಬಗೆಯನ್ನು. ಯಾವ ರಟ್ಟು, ಯಾವ ಟೇಪು, ಯಾವ ಲೇಬಲ್ ಎಂದು. ನನ್ನ ಲೆಕ್ಕದಲ್ಲಿ ಅದು ಎರಡನೆಯ ಪ್ರಶ್ನೆ. ಸರಕು ಯಾವ ರಾಜ್ಯದ ಗೋದಾಮಿಗೆ, ಎಷ್ಟು, ಯಾವಾಗ ಹೋಗಬೇಕು ಎಂಬುದು ಮೊದಲು ತೀರ್ಮಾನವಾಗಬೇಕು. ಎಲ್ಲವನ್ನೂ ಕಟ್ಟಿ ಜೋಡಿಸಿ ಆಮೇಲೆ ಹಂಚಲು ಕುಳಿತರೆ, ಟೇಪು ಕಿತ್ತು ಮತ್ತೆ ಕಟ್ಟುವುದರಲ್ಲೇ ಒಂದು ದಿನ ಹೋಗುತ್ತದೆ.

ಹಂಚಿಕೆ ಇಷ್ಟು ತೂಕದ ವಿಷಯವಾಗಿರುವುದಕ್ಕೆ ಕಾರಣ ಕಾನೂನಿನಲ್ಲಿದೆ. ವಿದೇಶಿ ಬಂಡವಾಳದ ಆನ್‌ಲೈನ್ ಮಾರುಕಟ್ಟೆಗಳು ತಾವೇ ಸರಕಿನ ಒಡೆತನ ಹೊಂದಿ ಮಾರುವಂತಿಲ್ಲ ಎಂದು ಕೇಂದ್ರ ಸರ್ಕಾರ 2016ರಲ್ಲಿ ಸ್ಪಷ್ಟಪಡಿಸಿತು. ಹಾಗಾಗಿ ಗೋದಾಮು ಅವರದಾದರೂ ಒಳಗಿರುವ ಸರಕು ಮಾರಾಟಗಾರರದ್ದೇ, ಮತ್ತು ತೆರಿಗೆ ಇಲಾಖೆಯ ಕಣ್ಣಿಗೆ ಆ ಗೋದಾಮು ನಮ್ಮದೇ ಇನ್ನೊಂದು ವ್ಯವಹಾರ ಸ್ಥಳ. ವ್ಯಾಟ್ ಇದ್ದ ಕಾಲದಲ್ಲಿ ಇದು ಇಷ್ಟು ಸಲೀಸಾಗಿರಲಿಲ್ಲ. ಮಾರಾಟಗಾರರು ಅಮೆಜಾನ್ ಗೋದಾಮನ್ನು ತಮ್ಮ ಹೆಚ್ಚುವರಿ ವ್ಯವಹಾರ ಸ್ಥಳವೆಂದು ತೋರಿಸುವುದಕ್ಕೆ 2014ರಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯೇ ಆಕ್ಷೇಪ ಎತ್ತಿತ್ತು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ದಾರಿ ಒಂದು ಮಟ್ಟಿಗೆ ನೇರವಾಗಿದೆ. ಬೆಂಗಳೂರಿನ ಸುತ್ತಲಿನ ಗೋದಾಮುಗಳ ವಿಳಾಸವನ್ನು ನಮ್ಮ ಕರ್ನಾಟಕದ ನೋಂದಣಿಗೇ ಸೇರಿಸಿದರೆ, ಮೈಸೂರಿನಿಂದ ಅಲ್ಲಿಗೆ ಸರಕು ಒಯ್ಯಲು ಡೆಲಿವರಿ ಚಲನ್ ಸಾಕು. ಅದು ಮಾರಾಟವಲ್ಲವಾದ್ದರಿಂದ ಆ ಸಾಗಣೆಗೆ ತೆರಿಗೆಯೂ ಇಲ್ಲ.

ರಾಜ್ಯದ ಗಡಿ ದಾಟಿದರೆ ಕಥೆಯೇ ಬೇರೆ. ಹೈದರಾಬಾದಿನ ಗೋದಾಮಿನಲ್ಲಿ ಸರಕು ಇಡಬೇಕಾದರೆ ತೆಲಂಗಾಣದಲ್ಲಿ ಪ್ರತ್ಯೇಕ ಜಿಎಸ್‌ಟಿ ನೋಂದಣಿ ಬೇಕು, ಭಿವಂಡಿಗೆ ಮಹಾರಾಷ್ಟ್ರದ್ದು, ಗುರುಗ್ರಾಮಕ್ಕೆ ಹರಿಯಾಣದ್ದು. ಪ್ಯಾನ್ ಒಂದೇ ಆಗಿದ್ದರೂ ಎರಡು ರಾಜ್ಯಗಳ ನೋಂದಣಿಗಳನ್ನು ಕಾನೂನು ಇಬ್ಬರು ಬೇರೆ ವ್ಯಕ್ತಿಗಳೆಂದೇ ಎಣಿಸುತ್ತದೆ, ಆದ್ದರಿಂದ ನಮ್ಮಿಂದ ನಮಗೇ ಹೋಗುವ ಸರಕಿಗೂ ಬಿಲ್ ಬರೆದು ಐಜಿಎಸ್‌ಟಿ, ಅಂದರೆ ರಾಜ್ಯಗಳ ನಡುವಿನ ವ್ಯವಹಾರದ ಜಿಎಸ್‌ಟಿ, ಕಟ್ಟಬೇಕು. ಹಾಗೆ ಕಟ್ಟಿದ್ದು ಎಲ್ಲಿಗೂ ಹೋಗುವುದಿಲ್ಲ, ಆ ರಾಜ್ಯದ ಖಾತೆಯಲ್ಲಿ ಜಮೆಯಾಗಿ ಅಲ್ಲಿನ ಮಾರಾಟದ ತೆರಿಗೆಗೆ ವಜಾ ಆಗುತ್ತದೆ ಎಂಬುದು ನಿಜ. ಆದರೆ ಊದುಬತ್ತಿ ಮಾರಾಟವಾಗದೆ ಅಲ್ಲೇ ಕುಳಿತರೆ, ಅದರ ಜೊತೆಗೆ ನಮ್ಮ ಹಣವೂ ಕುಳಿತಿರುತ್ತದೆ. ಪ್ರತಿ ಹೊಸ ರಾಜ್ಯಕ್ಕೂ ಪ್ರತ್ಯೇಕ ರಿಟರ್ನ್, ಪ್ರತ್ಯೇಕ ಲೆಕ್ಕಪತ್ರ, ಲೆಕ್ಕಿಗರ ಪ್ರತ್ಯೇಕ ಶುಲ್ಕ. ಇಷ್ಟೆಲ್ಲ ಏಕೆ ಎಂದರೆ, ಬೆಂಗಳೂರಿನಿಂದ ದೆಹಲಿಯ ಗ್ರಾಹಕರಿಗೆ ಹೋಗುವ ಪ್ರತಿ ಪೊಟ್ಟಣಕ್ಕೂ ದೇಶದುದ್ದದ ಸಾಗಣೆ ದರ ಬೀಳುತ್ತದೆ. ಕಡಿಮೆ ಬೆಲೆಯ ಊದುಬತ್ತಿಯಲ್ಲಿ ಆ ವ್ಯತ್ಯಾಸವೇ ಲಾಭವನ್ನು ನುಂಗಿಹಾಕುತ್ತದೆ, ಜೊತೆಗೆ ಸರಕು ತಲುಪುವುದೂ ತಡವಾಗುತ್ತದೆ. ನಾವು ಬಿಡಿ ಪೊಟ್ಟಣದ ಬದಲು ಆರರ ಕಟ್ಟು ಮಾರಲು ತೊಡಗಿದ್ದು ಇದೇ ಕಾರಣಕ್ಕೆ. ಸಣ್ಣವರು ತಮ್ಮ ರಾಜ್ಯದ ಗೋದಾಮಿನಿಂದಲೇ ಆರಂಭಿಸಿ, ಆರ್ಡರ್‌ಗಳು ಯಾವ ದಿಕ್ಕಿನಿಂದ ಬರುತ್ತಿವೆ ಎಂದು ಕೆಲವು ತಿಂಗಳು ನೋಡಿ, ಆಮೇಲೆ ಒಂದೇ ಒಂದು ಹೊರ ರಾಜ್ಯವನ್ನು ಸೇರಿಸಿಕೊಳ್ಳುವುದು ಒಳ್ಳೆಯದು. ಒಮ್ಮೆಲೇ ನಾಲ್ಕೈದು ನೋಂದಣಿ ಮಾಡಿಸಿಕೊಡುತ್ತೇವೆ ಎನ್ನುವ ಏಜೆಂಟರ ಮಾತಿಗೆ ಬೀಳಬಾರದು.

ಅಂದಹಾಗೆ, ಗೋದಾಮುಗಳ ಹೆಸರಿನಲ್ಲಿ ಕಾಣುವ ಬಿಎಲ್‌ಆರ್, ಎಚ್‌ವೈಡಿ, ಬಿಒಎಂ ಎಂಬ ಅಕ್ಷರಗಳು ಹತ್ತಿರದ ವಿಮಾನ ನಿಲ್ದಾಣದ ಸಂಕೇತಗಳು. ಬಿಎಲ್‌ಆರ್ ಎಂದು ಕಂಡ ಮಾತ್ರಕ್ಕೆ ಅದು ಊರೊಳಗೆ ಇದೆ ಎಂದು ಲಾರಿಯವರಿಗೆ ಹೇಳಬಾರದು. ಹೊಸಕೋಟೆಯ ಕಡೆಗೆ ಹೋಗಬೇಕಾದ ಗಾಡಿ ಪೀಣ್ಯದಲ್ಲಿ ನಿಂತು ಫೋನ್ ಮಾಡುತ್ತದೆ.

ಎಷ್ಟು ಕಳುಹಿಸಬೇಕು ಎಂಬುದನ್ನು ನಮ್ಮಂಥ ಸರಕಿನಲ್ಲಿ ಪಂಚಾಂಗ ಹೇಳುತ್ತದೆ. ಉತ್ತರ ಭಾರತದವರು ಹುಣ್ಣಿಮೆಯಿಂದ ತಿಂಗಳು ಎಣಿಸುವುದರಿಂದ ಅವರ ಶ್ರಾವಣ ನಮ್ಮದಕ್ಕಿಂತ ಸುಮಾರು ಹದಿನೈದು ದಿನ ಮೊದಲೇ ಬರುತ್ತದೆ. 2025ರಲ್ಲಿ ಅಲ್ಲಿ ಜುಲೈ 11ಕ್ಕೆ ಶ್ರಾವಣ ಶುರುವಾದರೆ ಇಲ್ಲಿ ಜುಲೈ 25ಕ್ಕೆ. ಆದ್ದರಿಂದ ಆ ವರ್ಷ ದೆಹಲಿ ಕಡೆಯ ಸರಕು ಜೂನ್‌ನಲ್ಲೇ ಹೊರಡಬೇಕಿತ್ತು, ಬೆಂಗಳೂರಿನದ್ದು ನಿಧಾನವಾಗಿ ಹೋದರೂ ನಡೆಯುತ್ತಿತ್ತು. ದಸರಾ, ದೀಪಾವಳಿಗಳು ಎಲ್ಲೆಡೆ ಒಟ್ಟಿಗೇ ಬರುತ್ತವೆ, ಆದರೆ ಆಗ ಗೋದಾಮಿನ ಬಾಗಿಲಲ್ಲಿ ದೇಶದ ಎಲ್ಲ ಮಾರಾಟಗಾರರ ಲಾರಿಗಳೂ ಒಟ್ಟಿಗೇ ನಿಂತಿರುತ್ತವೆ. ಒಳಗೆ ಹೋಗಲು ಸಿಗುವ ಸಮಯದ ಮುಂಗಡ ನಿಗದಿಯೇ ದುರ್ಲಭವಾಗುತ್ತದೆ. ಹಾಗೆಂದು ಬಹಳ ಮೊದಲೇ ತುಂಬಿಸಿಡುವುದೂ ಸರಿಯಲ್ಲ. ಬಾಡಿಗೆಯನ್ನು ಘನ ಅಡಿಯ ಲೆಕ್ಕದಲ್ಲಿ ತಿಂಗಳು ತಿಂಗಳು ಹಿಡಿಯುತ್ತಾರೆ, ಮತ್ತು ಊದುಬತ್ತಿಯ ಸುಗಂಧವೂ ಕಾಲ ಕಳೆದಂತೆ ತೆಳುವಾಗುತ್ತದೆ.

ಈಗ ಪೆಟ್ಟಿಗೆಗೆ ಬರೋಣ. ಹಂಚಿಕೆ ನಿರ್ಧಾರವಾದ ಮೇಲೆ ನಾವು ಪ್ರತಿ ಗೋದಾಮಿಗೂ ಗೋಡೆಯ ಪಕ್ಕ ಒಂದೊಂದು ಜಾಗ ಬಿಟ್ಟು, ಸರಕನ್ನು ನೇರವಾಗಿ ಅಲ್ಲಿಗೇ ಎಣಿಸಿ ಇಡುತ್ತೇವೆ. ಒಂದು ಪೆಟ್ಟಿಗೆಯಲ್ಲಿ ಒಂದೇ ಪರಿಮಳ ಎಂಬುದು ನಮ್ಮ ಕಟ್ಟುನಿಟ್ಟು. "ಸರ್, ಮಲ್ಲಿಗೆ ಡಬ್ಬಿ ಮೂಸಿ ನೋಡಿ, ಗಂಧದ ವಾಸನೆ ಬರ್ತಿದೆ" ಎಂದು ಕಟ್ಟುವ ವಿಭಾಗದ ಅಕ್ಕ ಒಮ್ಮೆ ತೋರಿಸಿದ ಮೇಲೆ ಬಂದ ನಿಯಮ ಅದು. ಹತ್ತಿಯ ಬತ್ತಿಯಂತೂ ಪಕ್ಕದಲ್ಲಿ ಏನಿದ್ದರೂ ಅದರ ವಾಸನೆಯನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ಅದಕ್ಕೆ ಬೇರೆಯೇ ಪೆಟ್ಟಿಗೆ.

ಬಾರ್‌ಕೋಡ್‌ನ ವಿಷಯದಲ್ಲಿ ಎಷ್ಟು ಎಚ್ಚರ ವಹಿಸಿದರೂ ಕಡಿಮೆ. ಪ್ರತಿ ಮಾರಾಟ ಘಟಕದ ಮೇಲೂ ಎಕ್ಸ್ ಸೊನ್ನೆ ಸೊನ್ನೆಯಿಂದ ಆರಂಭವಾಗುವ, ಮಾರಾಟಗಾರರಿಗೇ ಮೀಸಲಾದ ಸಂಕೇತದ ಲೇಬಲ್ ಅಂಟಿಸಬೇಕು, ಮತ್ತು ಅದು ತಯಾರಕರ ಹಳೆಯ ಬಾರ್‌ಕೋಡನ್ನು ಪೂರ್ತಿ ಮುಚ್ಚಬೇಕು. ಆದರೆ ಅದೇ ಲೇಬಲ್ ಎಂಆರ್‌ಪಿಯನ್ನಾಗಲಿ, ತಯಾರಾದ ತಿಂಗಳನ್ನಾಗಲಿ, ವಿಳಾಸವನ್ನಾಗಲಿ ಮುಚ್ಚುವಂತಿಲ್ಲ, ಏಕೆಂದರೆ ತೂಕ ಮತ್ತು ಅಳತೆಯ ಕಾನೂನಿನಂತೆ ಅವು ಕೊಳ್ಳುವವರಿಗೆ ಕಾಣಬೇಕು. ಅಂಗೈ ಅಗಲದ ಊದುಬತ್ತಿ ಡಬ್ಬಿಯಲ್ಲಿ ಇವೆರಡಕ್ಕೂ ಜಾಗ ಹೊಂದಿಸುವುದೇ ಒಂದು ವಿದ್ಯೆ, ಹಾಗಾಗಿ ಡಬ್ಬಿಯ ಮುದ್ರಣ ಮಾಡಿಸುವಾಗಲೇ ಒಂದು ಬದಿಯನ್ನು ಖಾಲಿ ಬಿಡಿಸಿಕೊಳ್ಳುವುದು ಉತ್ತಮ. ಇನ್ನು ಆರರ ಕಟ್ಟಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಸಿಗಾಳಿಯಲ್ಲಿ ಬಿಗಿಗೊಳಿಸುವಾಗ, ಲೇಬಲ್ ಅನ್ನು ಮೊದಲೇ ಅಂಟಿಸಿದ್ದರೆ ಆ ಶಾಖಕ್ಕೆ ಥರ್ಮಲ್ ಕಾಗದ ಕಪ್ಪಾಗಿ ಗೆರೆಗಳು ಮಾಯವಾಗುತ್ತವೆ. ಹಾಳೆ ಬಿಗಿದು ತಣಿದ ಮೇಲೆಯೇ, ಸುಕ್ಕಿಲ್ಲದ ಚಪ್ಪಟೆ ಬದಿಯಲ್ಲಿ ಅಂಟಿಸಬೇಕು. ಕಟ್ಟಿನ ಮೇಲೆ ಇದು ಒಂದೇ ಸೆಟ್, ಬಿಡಿಸಬಾರದು ಎಂಬ ಚೀಟಿಯೂ ಇರಬೇಕು, ಇಲ್ಲದಿದ್ದರೆ ಗೋದಾಮಿನಲ್ಲಿ ಅದನ್ನು ಬಿಚ್ಚಿ ಆರಾಗಿ ಎಣಿಸುವ ಸಾಧ್ಯತೆ ಇದ್ದೇ ಇದೆ. ಸುಗಂಧದ ಎಣ್ಣೆ ರಟ್ಟಿಗೆ ಇಳಿದರೆ ಲೇಬಲ್ಲಿನ ಅಂಟು ಬಿಡುತ್ತದೆ, ಅದಕ್ಕಾಗಿ ಒಳಗಿನ ಪೊಟ್ಟಣದ ಬಾಯಿಯನ್ನು ಸರಿಯಾಗಿ ಸೀಲ್ ಮಾಡುವುದು ಮುಖ್ಯ.

ಹೊರಪೆಟ್ಟಿಗೆಗೆ ಐದು ಪದರದ ರಟ್ಟು, ಮೇಲೂ ಕೆಳಗೂ ನಡುವಿನ ಜೋಡಣೆಯನ್ನೂ ಅಂಚುಗಳನ್ನೂ ಹಿಡಿಯುವ ಹಾಗೆ ಟೇಪು, ಉಳಿದ ಸಂದಿಗೆ ಉಂಡೆ ಮಾಡಿದ ಕಾಗದ. ಪೆಟ್ಟಿಗೆಯ ಲೇಬಲ್ ಟೇಪು ಹಾಕಿದ ಜೋಡಣೆಯ ಮೇಲೆ ಬೀಳಬಾರದು.

ಕರ್ಪೂರದ ಬಗ್ಗೆ ಒಂದು ಮಾತು. ಪೂಜಾ ಕಿಟ್ ಮಾಡುವ ಆಸೆ ಈ ವ್ಯಾಪಾರದಲ್ಲಿ ಎಲ್ಲರಿಗೂ ಹುಟ್ಟುತ್ತದೆ. ಆದರೆ ಸಂಶ್ಲೇಷಿತ ಕರ್ಪೂರವೂ ಬೆಂಕಿಕಡ್ಡಿಯೂ ಸಾಗಣೆಯ ನಿಯಮಗಳಲ್ಲಿ ಸುಲಭವಾಗಿ ಹೊತ್ತಿಕೊಳ್ಳುವ ಘನವಸ್ತುಗಳ ವರ್ಗಕ್ಕೆ ಸೇರಿವೆ; ಅವುಗಳಲ್ಲಿ ಒಂದನ್ನು ಕಿಟ್‌ಗೆ ಹಾಕಿದರೂ ಇಡೀ ಕಿಟ್ ಅಪಾಯಕಾರಿ ಸರಕಿನ ಪರಿಶೀಲನೆಗೆ ಸಿಕ್ಕಿಕೊಳ್ಳುತ್ತದೆ, ಸುರಕ್ಷತಾ ದಾಖಲೆ ಕೇಳುತ್ತಾರೆ. ನಾವು ಕರ್ಪೂರವಿಲ್ಲದ ಕಿಟ್ ಮಾತ್ರ ಕಳುಹಿಸುತ್ತೇವೆ.

ಲಾರಿ ಹೊರಡುವಾಗ ಸರಕಿನ ಮೌಲ್ಯ 50,000 ರೂಪಾಯಿ ಮೀರಿದರೆ ಇ-ವೇ ಬಿಲ್, ಅಂದರೆ ಸರಕು ಸಾಗಣೆಯ ಆನ್‌ಲೈನ್ ದಾಖಲೆ, ಬೇಕು, ಅದರ ಅವಧಿ ಪ್ರತಿ 200 ಕಿ.ಮೀ.ಗೆ ಒಂದು ದಿನ. ಹೊಸಕೋಟೆಗೆ ಒಂದು ದಿನ ಸಿಗುತ್ತದೆ, ಹೈದರಾಬಾದಿಗೆ ನಾಲ್ಕು. ದಾರಿಯಲ್ಲಿ ಗಾಡಿ ಬದಲಾದರೆ ಹೊಸ ಗಾಡಿಯ ಸಂಖ್ಯೆಯನ್ನು ಅದರಲ್ಲಿ ಸೇರಿಸಲು ಸಾಗಣೆದಾರರಿಗೆ ನೆನಪಿಸಲೇಬೇಕು.

ಸರಕು ಒಳಸೇರಿದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ನಾವು ಕಳುಹಿಸಿದ ಎಣಿಕೆಗೂ ಅವರು ಪಡೆದೆವೆಂದು ತೋರಿಸುವ ಎಣಿಕೆಗೂ ವ್ಯತ್ಯಾಸ ಬರುವುದುಂಟು. ಆಗ ಕೈ ಹಿಡಿಯುವುದು ಪೆಟ್ಟಿಗೆಯ ತೂಕ: ಪ್ರತಿ ಪೆಟ್ಟಿಗೆಯನ್ನೂ ಲೇಬಲ್ ಕಾಣುವಂತೆ ತಕ್ಕಡಿಯ ಮೇಲಿಟ್ಟು ತೆಗೆದ ಫೋಟೋ, ಗೋದಾಮಿನ ಗೇಟಿನ ಮೊಹರು ಬಿದ್ದ ಚಲನ್ ಎರಡನ್ನೂ ಸೇರಿಸಿ ದೂರು ಹಾಕಿದರೆ ತಕರಾರು ಬೇಗ ಇತ್ಯರ್ಥವಾಗುತ್ತದೆ. ದೂರಿಗೆ ಗಡುವು ಇರುವುದರಿಂದ, ಎಣಿಕೆ ಮುಗಿಯಿತೆಂಬ ಸೂಚನೆ ಬಂದ ವಾರದಲ್ಲೇ ನಮ್ಮ ಲೆಕ್ಕಿಗರು ಎರಡು ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ.