ಸ್ಪೀಕರ್ ಬದಲಿಸಿದರೂ ಹೋಗದ ಸಪ್ಪಳ

ಕಲಬುರಗಿಯಲ್ಲಿ ಕಂಪ್ಯೂಟರ್ ದುರಸ್ತಿಯ ಸಣ್ಣ ಅಂಗಡಿ ಇಟ್ಟುಕೊಂಡಿರುವ ನಾನು ಕಳೆದ ಬೇಸಿಗೆಯಲ್ಲಿ ಆತುರಕ್ಕೆ ಬಿದ್ದು ಮಾಡಿದ ಒಂದು ತಪ್ಪನ್ನು ಇಲ್ಲಿ ಬರೆಯುತ್ತಿದ್ದೇನೆ. ನಗರದ ಒಂದು ಟ್ಯೂಷನ್ ಕೇಂದ್ರದಲ್ಲಿ, ಪಾಠದ ವಿಡಿಯೊ ತೋರಿಸುವ ಕಂಪ್ಯೂಟರಿನ ಸ್ಪೀಕರ್‌ಗಳಿಂದ, ಏನೂ ಓಡದಿದ್ದಾಗಲೂ ಕುಕ್ಕರಿನಿಂದ ಹಬೆ ಸೋರಿದಂಥ ‘ಸುಯ್’ ಸದ್ದು ಬರುತ್ತಿತ್ತು. ಎರಡು ನಿಮಿಷ ಕೇಳಿದ ನಾನು, ಸ್ಪೀಕರ್ ಹಳತಾಗಿದೆ ಎಂದು ತೀರ್ಮಾನಿಸಿ ಹೊಸ ಜೋಡಿಯನ್ನು ತಂದು ಜೋಡಿಸಿಬಿಟ್ಟೆ. ಮರುದಿನವೇ ಕೇಂದ್ರದ ಮಾಲೀಕರು ಫೋನ್ ಮಾಡಿ, “ಹೊಸಾವು ಹಚ್ಚಿದ್ರೂ ಅದೇ ಸಪ್ಪಳ ಬರ್ಲತ್ತದ ಅಲ್ರೀ” ಎಂದರು.

ಎರಡನೆಯ ಸಲ ಹೋದಾಗ ಮೊದಲೇ ಮಾಡಬೇಕಿದ್ದ ಪರೀಕ್ಷೆಯನ್ನು ಮಾಡಿದೆ. ಸ್ಪೀಕರಿನ 3.5 ಮಿ.ಮೀ. ಪಿನ್ನನ್ನು ಕಂಪ್ಯೂಟರಿನಿಂದ ಕಿತ್ತು, ಚಾರ್ಜಿಗೆ ಹಾಕಿರದ ಮೊಬೈಲಿಗೆ ಚುಚ್ಚಿದೆ. ಪಿನ್ನನ್ನು ಗಾಳಿಯಲ್ಲಿ ಜೋಲುಬಿಟ್ಟು ಪರೀಕ್ಷಿಸಿದರೆ ತಂತಿಯೇ ಸುತ್ತಲಿನ ವಿದ್ಯುತ್ತಿನ ಗುಂಯ್‌ಗುಟ್ಟುವಿಕೆಯನ್ನು ಹಿಡಿದು ನಮ್ಮನ್ನು ದಾರಿ ತಪ್ಪಿಸುತ್ತದೆ. ಮೊಬೈಲಿಗೆ ಹಾಕಿದೊಡನೆ ಸುಯ್ ಸದ್ದು ನಿಂತಿತು. ಅಂದರೆ ಅದು ಕಂಪ್ಯೂಟರಿನಿಂದಲೇ ಬರುತ್ತಿತ್ತು, ಮತ್ತು ನಾನು ಬದಲಿಸಿದ್ದು ನಿರಪರಾಧಿಯನ್ನು.

ವಿಂಡೋಸಿನ ಸೌಂಡ್ ಸೆಟ್ಟಿಂಗಿನಲ್ಲಿ ರೆಕಾರ್ಡಿಂಗ್ ಭಾಗವನ್ನು ತೆರೆದಾಗ ಕಾರಣ ಸಿಕ್ಕಿತು. ಯಾರೋ ಮೈಕ್ ಪರೀಕ್ಷಿಸುವಾಗ ಮೈಕಿನ ದನಿಯನ್ನು ನೇರವಾಗಿ ಸ್ಪೀಕರಿಗೆ ಕಳಿಸುವ ‘ಲಿಸನ್ ಟು ದಿಸ್ ಡಿವೈಸ್’ ಎಂಬುದಕ್ಕೆ ಟಿಕ್ ಹಾಕಿ, ಮೈಕಿನ ದನಿಯನ್ನು ಹಿಗ್ಗಿಸುವ ಮೈಕ್ ಬೂಸ್ಟನ್ನು 30 ಡೆಸಿಬೆಲ್‌ಗೆ ಏರಿಸಿ, ಹಾಗೆಯೇ ಬಿಟ್ಟಿದ್ದರು. 30 ಡೆಸಿಬೆಲ್ ಎಂದರೆ ವೋಲ್ಟೇಜು ಸುಮಾರು 32 ಪಟ್ಟು ಹೆಚ್ಚಿದಂತೆ. ಮೈಕಿನ ಮೇಲಿನ ಗುಂಡಿ ಆಫ್ ಆಗಿದ್ದುದರಿಂದ ಸ್ಪೀಕರಿನ ದನಿಯನ್ನೇ ಮೈಕ್ ಮತ್ತೆ ಮತ್ತೆ ಹಿಡಿದು ಕಿವಿ ಕಿತ್ತುಹೋಗುವ ಕೂಗು ಏಳದೆ, ಮೈಕ್ ಜೋಡಣೆಯ ಸರ್ಕ್ಯೂಟಿನಲ್ಲೇ ಹುಟ್ಟುವ ಸಣ್ಣ ಸುಯ್ ಸದ್ದು ಮಾತ್ರ ಅಷ್ಟು ಪಟ್ಟು ಹಿಗ್ಗಿ ಸ್ಪೀಕರಿಗೆ ಹೋಗುತ್ತಿತ್ತು. ಕೂಗಿದ್ದರೆ ಅವರೇ ಅದನ್ನು ಪತ್ತೆಹಚ್ಚುತ್ತಿದ್ದರು.

ಟಿಕ್ ತೆಗೆದ ಮೇಲೂ ಸಣ್ಣಗೆ ಸುಯ್ ಉಳಿದಿತ್ತು. ಕಂಪ್ಯೂಟರಿನ ವಾಲ್ಯೂಮನ್ನು 20ರಲ್ಲಿಟ್ಟು ಸ್ಪೀಕರಿನ ಗುಂಡಿಯನ್ನು ಪೂರ್ತಿ ತಿರುಗಿಸಿಡುವುದು ನಮ್ಮಲ್ಲಿ ಬಹಳ ಜನರ ರೂಢಿ. ಕಂಪ್ಯೂಟರಿನ ಆಡಿಯೊ ಜೋಡಣೆಯಲ್ಲಿ ಹುಟ್ಟುವ ಸುಯ್ ಸದ್ದು ಅದರ ವಾಲ್ಯೂಮನ್ನು ಇಳಿಸಿದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಕಡಿಮೆಯಾಗುವುದು ಪಾಠದ ದನಿ ಮಾತ್ರ. ಬಳಿಕ ಸ್ಪೀಕರಿನ ಗುಂಡಿ ಎರಡನ್ನೂ ಒಟ್ಟಿಗೆ ಎತ್ತುತ್ತದೆ. ಆದ್ದರಿಂದ ಕಂಪ್ಯೂಟರಿನಲ್ಲಿ 85ರಷ್ಟಿಟ್ಟು ಕೋಣೆಗೆ ಬೇಕಾದಷ್ಟನ್ನು ಸ್ಪೀಕರಿನಲ್ಲಿ ಇಳಿಸಿಕೊಟ್ಟೆ. ಹಿಂದಿನ ಬೆಂಚಿನಲ್ಲಿ ಕುಳಿತರೆ ಸುಯ್ ಕೇಳಿಸಲಿಲ್ಲ.

ಆಗ ಅದರಡಿ ಅಡಗಿದ್ದ ಮತ್ತೊಂದು ಸದ್ದು ಕೇಳಿಸಿತು. ಅದು ಸುಯ್ ಅಲ್ಲ, ದಪ್ಪನೆಯ ಗುಂಯ್. ನಮ್ಮ ಮನೆಗಳ ವಿದ್ಯುತ್ತು 50 ಹರ್ಟ್ಸಿನದಾದ್ದರಿಂದ ಇಂಥ ಸದ್ದು 50 ಅಥವಾ 100 ಹರ್ಟ್ಸಿನಲ್ಲಿ ಬರುತ್ತದೆ, ಮತ್ತು ಇದರ ಮೂಲ ಬಹುತೇಕ ಅರ್ಥಿಂಗ್‌ನಲ್ಲಿರುತ್ತದೆ. ಕಂಪ್ಯೂಟರು ಒಂದು ಕೋಣೆಯ ಬೋರ್ಡಿನಿಂದಲೂ, ಅದಕ್ಕೆ ತಂತಿಯಿಂದ ಕೂಡಿಸಿದ್ದ, ದನಿಯನ್ನು ಹಿಗ್ಗಿಸುವ ಆಂಪ್ಲಿಫೈಯರ್ ಇನ್ನೊಂದು ಕೋಣೆಯ ಬೋರ್ಡಿನಿಂದಲೂ ವಿದ್ಯುತ್ ಪಡೆಯುತ್ತಿದ್ದವು. ಎರಡು ಬೋರ್ಡುಗಳ ಅರ್ಥಿಂಗ್ ನಡುವಿನ ಅಲ್ಪ ವ್ಯತ್ಯಾಸವೇ ಆ ತಂತಿಯ ಮೂಲಕ ಗುಂಯ್ ಆಗಿ ಕೇಳಿಸುತ್ತಿತ್ತು. ಎರಡನ್ನೂ ಒಂದೇ ಬೋರ್ಡಿಗೆ ತಂದಾಗ ಗುಂಯ್ ನಿಂತಿತು. ಪ್ಲಗ್ಗಿನ ಮೂರನೆಯ, ಅಂದರೆ ಅರ್ಥಿಂಗ್‌ನ ಪಿನ್ ಕಿತ್ತರೂ ಸದ್ದು ಹೋಗುತ್ತದೆ ಎಂದು ಅವರಿಗೆ ಯಾರೋ ಹೇಳಿದ್ದರಂತೆ. ಸದ್ದು ಹೋದರೂ, ಸೋರುವ ವಿದ್ಯುತ್ತು ಕಂಪ್ಯೂಟರಿನ ಲೋಹದ ಡಬ್ಬದ ಮೇಲೆ ನಿಂತು ಮಕ್ಕಳ ಕೈಗೆ ಹೊಡೆಯಬಹುದು, ಅದಕ್ಕೆ ನಾನು ಒಪ್ಪಲಿಲ್ಲ. ಬೇಸಿಗೆಯಲ್ಲಿ ನಮ್ಮ ಕರಿನೆಲ ಒಣಗಿ ಬಿರಿದಾಗ ಅರ್ಥಿಂಗ್ ತಂತಿಯನ್ನು ನೆಲದಲ್ಲಿ ಹೂತ ಗುಂಡಿಯೂ ಒಣಗುವುದರಿಂದ ಅದಕ್ಕೆ ನೀರು ಹಾಕಿಸಿ, ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷಿಸಿಕೊಳ್ಳಿರೆಂದು ತಿಳಿಸಿದೆ.

ಹಳೆಯ ಸ್ಪೀಕರುಗಳನ್ನೇ ಮತ್ತೆ ಜೋಡಿಸಿ, ಹೊಸ ಜೋಡಿಯ ಹಣ ಹಿಂದಿರುಗಿಸಿದೆ. ಆ ಜೋಡಿ ಈಗ ನನ್ನ ಅಂಗಡಿಯ ಮೇಜಿನ ಮೇಲಿದೆ. ಸದ್ದಿನ ದೂರು ಹೊತ್ತು ಬರುವ ಪ್ರತಿ ಕಂಪ್ಯೂಟರನ್ನೂ ಮೊದಲು ಅದಕ್ಕೇ ಚುಚ್ಚಿ ಕೇಳುತ್ತೇನೆ.