ಫುಫು ಅಂದರೆ ನಮ್ಮ ಮುದ್ದೆ ತಾನೆ?

ಘಾನಾಕ್ಕೆ ಹೋಗಿ ಅಡುಗೆ ಕಲಿತು ಬಂದೆ ಅಂದರೆ ಸಾಕು, ಮಂಡ್ಯದ ನೆಂಟರೂ ಬೆಂಗಳೂರಿನ ಗೆಳೆಯರೂ ಕೇಳುವುದು ಇದೊಂದೇ ಪ್ರಶ್ನೆ. ಘಾನಾದವರ ಊಟ ಫುಫುವನ್ನು ವಿಡಿಯೋದಲ್ಲಿ ಎಲ್ಲರೂ ನೋಡಿರುತ್ತಾರೆ. ನುಣ್ಣನೆಯ ಉಂಡೆ, ಸುತ್ತ ಕೆಂಪು ಸಾರು, ಬೆರಳಲ್ಲಿ ಮುರಿದು ನುಂಗುವ ಜನ. ಮುದ್ದೆ ತಿಂದು ಬೆಳೆದವರಿಗೆ ಹಾಗನ್ನಿಸುವುದು ಸಹಜ, ನನಗೂ ಹಾಗೇ ಅನ್ನಿಸಿತ್ತು. ಆದರೆ ಮುದ್ದೆಗೂ ಫುಫುಗೂ ಹೋಲಿಕೆ ಇರುವುದು ತಿನ್ನುವುದರಲ್ಲಿ ಮಾತ್ರ, ಮಾಡುವುದರಲ್ಲಿ ಇಲ್ಲ. ಮುದ್ದೆಯ ನೆಂಟರು ಘಾನಾದಲ್ಲಿ ಇದ್ದಾರೆ, ಅವರು ಬೇರೆಯೇ.

ಘಾನಾದ ಅಶಾಂಟಿ ಎಂಬ ಸೀಮೆಯ ದೊಡ್ಡ ಊರು ಕುಮಾಸಿಯಲ್ಲಿ ನಾನಿದ್ದದ್ದು ಒಂದು ವಠಾರದಲ್ಲಿ. ಸುತ್ತ ಐದಾರು ಸಂಸಾರ, ನಡುವೆ ಎಲ್ಲರಿಗೂ ಸೇರಿದ ಒಂದು ಅಂಗಳ. ಸಂಜೆಯಾದರೆ ಆ ಅಂಗಳದಿಂದ ಧಪ್, ಧಪ್ ಎಂದು ಒನಕೆಯ ಸದ್ದು. ಊಟಕ್ಕೆ ಕೂತವರು ಎದುರು ಬಂದವರನ್ನು ಕರೆಯದೆ ಒಂದು ತುತ್ತೂ ಎತ್ತುವುದಿಲ್ಲ, ಅದು ಆ ದೇಶದ ಮರ್ಯಾದೆ. ಹಾಗೆ ಕರೆದವರೇ ಪಕ್ಕದ ಮನೆಯ ಆಂಟಿ. ಹಿರಿಯ ಹೆಂಗಸರನ್ನು ಅಲ್ಲಿಯೂ ಆಂಟಿ ಅಂತಲೇ ಕರೆಯುತ್ತಾರೆ. ಕೈ ತೊಳೆಯಲು ನೀರು, ಸೋಪು ಮುಂದಿಟ್ಟರು. ಬಲಗೈಯಲ್ಲಿ ಚೂರು ಮುರಿದು, ಹೆಬ್ಬೆರಳಲ್ಲಿ ಗುಳಿ ಮಾಡಿ, ಸಾರು ತುಂಬಿಕೊಂಡು ನಾನು ಅಗಿಯದೆ ನುಂಗಿದೆ. ಆಂಟಿ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ನಿನಗೆ ಇದನ್ನು ಹೇಳಿಕೊಟ್ಟವರು ಯಾರು?" ಅಂದರು. "ನಮ್ಮವ್ವ" ಅಂದೆ. ಮಾರನೆಯ ದಿನದಿಂದ ಅವರ ಅಡುಗೆಮನೆಯಲ್ಲಿ ನನಗೊಂದು ಮಣೆ ಸಿಕ್ಕಿತು.

ಮುದ್ದೆಗೆ ನಾವು ಹಿಟ್ಟನ್ನು ಎಸರಿಗೆ ಹಾಕಿ ಬೇಯಿಸಿ ತಿರುವುತ್ತೇವೆ. ಫುಫುಗೆ ಹಿಟ್ಟೇ ಬೇಡ. ಮರಗೆಣಸಿನ ಸಿಪ್ಪೆ ತೆಗೆದು, ನಡುವಿನ ನಾರು ಎಳೆದುಹಾಕಿ, ಹಸಿ ಬಾಳೆಕಾಯಿಯ ಜೊತೆ ಬೇಯಿಸುತ್ತಾರೆ. ಬೆಂದದ್ದು ಬಿಸಿಬಿಸಿಯಾಗಿ ಮರದ ಒರಳಿಗೆ ಹೋಗುತ್ತದೆ. ಅದು ನಮ್ಮ ಒರಳಿನಷ್ಟು ಆಳ ಇಲ್ಲ, ಅಗಲವಾಗಿ ದೊಡ್ಡ ತಟ್ಟೆಯ ಹಾಗಿರುತ್ತದೆ. ಒನಕೆ ಆಳೆತ್ತರ, ಕುಟ್ಟುವ ತುದಿಯ ಮರ ನಾರುನಾರಾಗಿ ಬಿರಿದು ಕುಂಚದಂತೆ ಹರಡಿಕೊಂಡಿರುತ್ತದೆ. ಮೊದಲು ಬಾಳೆಕಾಯಿ, ಆಮೇಲೆ ಗೆಣಸು, ಕೊನೆಗೆ ಎರಡೂ ಸೇರಿಸಿ ಕುಟ್ಟಬೇಕು.

ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ನಿಂತು ಕುಟ್ಟಬೇಕು, ಇನ್ನೊಬ್ಬರು ಕೂತು, ಒನಕೆ ಮೇಲೆದ್ದ ಆ ಒಂದು ಗಳಿಗೆಯಲ್ಲಿ ಒದ್ದೆ ಕೈ ಹಾಕಿ ಕುಟ್ಟಿದ್ದನ್ನು ಮಗುಚಬೇಕು. ಆಂಟಿ ಮಗುಚುತ್ತಲೇ ಪಕ್ಕದವರ ಜೊತೆ ಮಾತಾಡುತ್ತಿದ್ದರು. ಮೊದಲ ದಿನ ಅವರ ಬೆರಳು ಕಂಡಾಗಲೆಲ್ಲ ನಾನು ಒನಕೆಯನ್ನು ಗಾಳಿಯಲ್ಲೇ ತಡೆದೆ. "ನನ್ನ ಕೈಯನ್ನು ನೀನು ಕಾಯಬೇಡ, ಅದನ್ನು ನಾನು ನೋಡಿಕೊಳ್ಳುತ್ತೇನೆ. ನೀನು ಒಂದೇ ಸಮ ಕುಟ್ಟು" ಅಂದರು. ಕುಟ್ಟುವವರು ಹಿಂಜರಿದರೆ ತಾಳ ತಪ್ಪುತ್ತದೆ, ಏಟು ಬೀಳುವುದು ಆಗಲೇ. ಇದನ್ನು ಯಾವ ಪುಸ್ತಕದಲ್ಲಿ ಓದಿದ್ದರೂ ನನಗೆ ಬರುತ್ತಿರಲಿಲ್ಲ. ತೋಳು ಸೋತು, ಅವರ ಕೈಯನ್ನು ನಂಬಿದ ಮೇಲೆ ಬಂತು. ಮಗುಚುವ ಕೆಲಸವನ್ನು ಅವರು ಕೊನೆಯವರೆಗೂ ನನಗೆ ಕೊಡಲಿಲ್ಲ. ಅದು ಸರಿ ಅಂತ ಈಗಲೂ ಅನ್ನಿಸುತ್ತದೆ.

ಫುಫು ಜೊತೆಗೆ ಅವರು ಮಾಡುವ ಲೈಟ್ ಸೂಪ್ ಎಂಬ ತೆಳು ಸಾರು ಮಾತ್ರ ನನಗೆ ಒಂದೇ ದಿನಕ್ಕೆ ಒಲಿಯಿತು. ಬಸ್ಸಾರು ಬಲ್ಲವರಿಗೆ ಅದರ ಉಪಾಯ ಗೊತ್ತೇ ಇದೆ. ಆಡಿನ ಮಾಂಸವನ್ನು ಈರುಳ್ಳಿ, ಶುಂಠಿ, ಉಪ್ಪಿನಲ್ಲಿ ಹದವಾಗಿ ಬಾಡಿಸಿ, ನೀರು ಹೊಯ್ದು, ಇಡೀ ಟೊಮೆಟೊ, ಮೆಣಸಿನಕಾಯಿ, ಪುಟ್ಟ ಬಿಳಿ ಬದನೆಕಾಯಿಗಳನ್ನು ಅದೇ ಪಾತ್ರೆಗೆ ಇಳಿಬಿಡುತ್ತಾರೆ. ಬೆಂದ ಮೇಲೆ ತರಕಾರಿಯನ್ನಷ್ಟೇ ಹೊರತೆಗೆದು, ಅರೆದು, ಸೋಸಿ ಮತ್ತೆ ಸಾರಿಗೇ ಸೇರಿಸುತ್ತಾರೆ. ಅರೆಯುವುದು ಅಸಂಕಾದಲ್ಲಿ. ಒಳಗೆಲ್ಲ ಗೀರು ಮಾಡಿದ ಮಣ್ಣಿನ ಬೋಗುಣಿ ಅದು, ಅರೆಯಲು ನಡು ಸಣ್ಣಗಿರುವ ಮರದ ಗುಂಡು. ವಠಾರದಲ್ಲಿ ಮಿಕ್ಸಿಯೂ ಇತ್ತು. ಆದರೆ ಮೆಣಸಿನಕಾಯಿ, ಶುಂಠಿಯನ್ನು ಆಂಟಿ ಅಸಂಕಾದಲ್ಲೇ ಅರೆಯುತ್ತಿದ್ದರು. ಒರಳುಕಲ್ಲಿನ ಚಟ್ನಿ ತಿಂದವರಿಗೆ ಕಾರಣ ಹೇಳಬೇಕಾಗಿಲ್ಲ. ಕಡಲೆಕಾಯಿ ಸಾರು ಮಾಡುವ ದಿನ ನುಣ್ಣಗೆ ಅರೆದ ಕಡಲೆಕಾಯಿಯನ್ನು ಟೊಮೆಟೊ ಜೊತೆ ಎಣ್ಣೆ ಮೇಲೆ ತೇಲುವ ತನಕ ಕುದಿಸುತ್ತಾರೆ. ಅಷ್ಟರ ತನಕ ಬೇರೇನೂ ಹಾಕುವಂತಿಲ್ಲ.

ಬಡಿಸುವುದೂ ಬೇರೆ ಥರ. ನಾವು ಮುದ್ದೆ ಪಕ್ಕ ಸಾರು ಬಿಟ್ಟುಕೊಂಡು ಅದ್ದಿಕೊಳ್ಳುತ್ತೇವೆ, ಅಲ್ಲಿ ಬೋಗುಣಿಯಲ್ಲಿ ಫುಫು ಇಟ್ಟು ಅದರ ಮೇಲೆಯೇ ಸಾರು ಹೊಯ್ಯುತ್ತಾರೆ.

ಹಾಗಾದರೆ ಮುದ್ದೆಯ ನೆಂಟರು ಯಾರು? ಬಂಕು ಮಾಡುವ ದಿನ ನನಗೆ ಉತ್ತರ ಸಿಕ್ಕಿತು ಅಂದುಕೊಂಡೆ. ಮೆಕ್ಕೆಜೋಳ, ಮರಗೆಣಸು ರುಬ್ಬಿ ಎರಡು ಮೂರು ದಿನ ಹುಳಿ ಬರಿಸಿದ ಹಿಟ್ಟನ್ನು ಒಲೆಯ ಮೇಲೆ ಮರದ ಕೋಲಿನಿಂದ ತಿರುವುತ್ತಾರೆ. ಪಾತ್ರೆ ಅಲುಗದ ಹಾಗೆ ಕಬ್ಬಿಣದ ಕಂಬಿಯಿಂದ ಒತ್ತಿ ಹಿಡಿದಿರುತ್ತಾರೆ. ನಮ್ಮ ಕವೆಗೋಲು ಮಾಡುವ ಕೆಲಸವೇ. ತಿರುವುವಾಗ ಆಂಟಿಯ ಭುಜ ಏಳುವುದು, ಬಾಗುವುದು ಎಲ್ಲ ಅವ್ವನದ್ದೇ. ನೋಡುತ್ತಾ ನನ್ನ ಕಣ್ಣು ತುಂಬಿತು. ಆದರೆ ಬಂಕು ಹುಳಿ, ಮುದ್ದೆ ಹುಳಿಯಲ್ಲ.

ಒಂದು ಮಾತು. ರಾಗಿಯ ತವರು ಆಫ್ರಿಕಾವೇ, ಇಥಿಯೋಪಿಯಾ, ಉಗಾಂಡಾ ಕಡೆಯ ಎತ್ತರದ ನೆಲ. ಆದರೆ ಅದು ಪೂರ್ವ ಆಫ್ರಿಕಾ, ಘಾನಾ ಇರುವುದು ಪಶ್ಚಿಮದಲ್ಲಿ. ಕುಮಾಸಿಯ ಒರಳಿನಲ್ಲಿರುವ ಮರಗೆಣಸಂತೂ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಆದ್ದರಿಂದ ಫುಫು, ಮುದ್ದೆ ಒಂದೇ ಬೇರಿನವು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಹೊರಡುವ ಹಿಂದಿನ ಸಂಜೆ, ಊರಿಂದ ಒಯ್ದಿದ್ದ ರಾಗಿಹಿಟ್ಟಿನಲ್ಲಿ ನಾನೇ ಮುದ್ದೆ ಮಾಡಿದೆ. ಎಸರಿಗೆ ಮೊದಲು ಒಂದಿಷ್ಟು ಹಿಟ್ಟನ್ನು ನೀರಲ್ಲಿ ಕದಡಿ ಹಾಕಿದೆ, ಕುದಿ ಬಂದ ಮೇಲೆ ಉಳಿದ ಹಿಟ್ಟು ಸುರಿದು, ಬೆಂದ ಮೇಲೆ ಗಂಟಿಲ್ಲದ ಹಾಗೆ ತಿರುವಿದೆ. ಆಂಟಿ ಮೊದಲಿಂದ ಕೊನೆಯವರೆಗೆ ಪಕ್ಕದಲ್ಲೇ ನಿಂತು ನೋಡಿದರು.

"ಇದು ಫುಫು ಅಲ್ಲ, ಬಂಕುವೂ ಅಲ್ಲ," ಅಂದರು. "ಇದು ಟೀಝಡ್. ಉತ್ತರದವರು ಹೀಗೇ ಮಾಡುತ್ತಾರೆ."

ಟೀಝಡ್ ಅಂದರೆ ಟುವೊ ಝಾಫಿ. ಘಾನಾದ ಉತ್ತರದ ಬಯಲಿನಲ್ಲಿ ಮೆಕ್ಕೆಜೋಳ, ಜೋಳ ಅಥವಾ ಸಜ್ಜೆಯ ಹಿಟ್ಟನ್ನು ಮೊದಲು ಗಂಜಿ ಮಾಡಿ, ಮೇಲೆ ಒಣಹಿಟ್ಟು ಹಾಕಿ ತಿರುವಿ ಮಾಡುವ ಊಟ. ಅಲ್ಲಿ ಅದಕ್ಕೆ ಸೆಣಬಿನ ಸೊಪ್ಪಿನ ಲೋಳೆಯಾದ ಸಾರು ಜೊತೆ. ಆಂಟಿಯ ಮನೆಯಲ್ಲಿ ಅವತ್ತು ಇದ್ದದ್ದು ಕಡಲೆಕಾಯಿ ಸಾರು. ನಾನು ಕಟ್ಟಿದ ಮುದ್ದೆಯನ್ನು ಅವರು ಬೋಗುಣಿಗೆ ಹಾಕಿ, ತಮ್ಮ ಪದ್ಧತಿಯಂತೆ ಅದರ ಮೇಲೆಯೇ ಸಾರು ಹೊಯ್ದರು. ಒಂದು ತುತ್ತು ನುಂಗಿ, ಬಾಗಿಲಾಚೆ ಅಂಗಳದಲ್ಲಿ ಹೋಗುತ್ತಿದ್ದವರನ್ನು ಊಟಕ್ಕೆ ಕೂಗಿ ಕರೆದರು.